ಹಳೆ ಮನೆ ಸೈಟ್ ರೇಟಿಗೆ ಹೋಗದಂತೆ ರಿನೋವೇಶನ್ ಮಾಡಿಸುವುದು ಹೇಗೆ?

ಮೈಸೂರಿನಲ್ಲಿ ನಮ್ಮಪ್ಪ 1988ರಲ್ಲಿ ಕಟ್ಟಿಸಿದ ಮನೆ ನೋಡಲು ಬಂದ ಮೊದಲ ಗಿರಾಕಿ ಒಳಗೆ ಕಾಲಿಡಲೇ ಇಲ್ಲ. ಗೇಟಿನ ಹತ್ತಿರ ನಿಂತೇ ಸೈಟಿನ ಅಳತೆ ಕೇಳಿದರು, ರಸ್ತೆ ಎಷ್ಟಡಿ ಅಂದರು, ಬಾಗಿಲು ಯಾವ ದಿಕ್ಕಿಗೆ ಅಂದರು. ಒಳಗೆ ಬಂದು ನೋಡಿ ಎಂದದ್ದಕ್ಕೆ "ಬೇಡ ಬಿಡಿ, ಹೇಗಿದ್ರೂ ಒಡೆಸೋದೇ" ಎಂದರು. ಅದು ಅಮ್ಮನ ಕಿವಿಗೂ ಬಿತ್ತು. ಆ ಸಂಜೆ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ಮಾರುವ ಯೋಚನೆ ಬಿಟ್ಟು ರಿಪೇರಿಗೆ ಇಳಿದೆವು. ಈಗ ಕೆಳಗೆ ಅಮ್ಮ ಇದ್ದಾರೆ, ಮೇಲೆ ಬಾಡಿಗೆಯವರಿದ್ದಾರೆ. ಆದರೆ ಆ ಗಿರಾಕಿ ಆಡಿದ ಮಾತನ್ನು ನಾನು ಮರೆತಿಲ್ಲ. ನಮ್ಮ ಊರುಗಳಲ್ಲಿ ಮೂವತ್ತು ವರ್ಷ ದಾಟಿದ ಮನೆಯನ್ನು ಜನ ಎರಡೇ ರೀತಿ ನೋಡುತ್ತಾರೆ. ಒಂದು, ಹೋಗಿ ಇರಬಹುದಾದ ಮನೆ. ಇನ್ನೊಂದು, ಮೇಲೊಂದು ಹಳೆ ಕಟ್ಟಡ ಕೂತಿರುವ ಸೈಟು; ಅದಕ್ಕೆ ಸಿಗುವುದು ಸೈಟ್ ರೇಟು, ಅಂದರೆ ಬರೀ ನೆಲದ ಬೆಲೆ. ಬೆಲೆ ಹೆಚ್ಚಿಸುವ ರಿನೋವೇಶನ್ ಎಂದರೆ ನಿಮ್ಮ ಮನೆಯನ್ನು ಎರಡನೆಯ ಪಟ್ಟಿಯಿಂದ ಮೊದಲನೆಯ ಪಟ್ಟಿಗೆ ತರುವ ಕೆಲಸ. ಬಣ್ಣ, ಫಾಲ್ಸ್ ಸೀಲಿಂಗ್, ಹೊಳೆಯುವ ಟೈಲ್ಸ್ ಇವುಗಳಿಂದ ಅದು ಆಗುವುದಿಲ್ಲ. ಕಾಗದ, ತಾರಸಿ, ನೀರು, ವೈರಿಂಗ್, ಬೆಳಕು ಇವುಗಳಿಂದ ಆಗುತ್ತದೆ. ಸ್ವಂತ ಅಥವಾ ಪಿತ್ರಾರ್ಜಿತ ಸೈಟಿನಲ್ಲಿ ಬಿಡಿ ಮನೆ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಪೆನ್ನು ಹಿಡಿದು ಲೆಕ್ಕ

ಬ್ಯಾಂಕಿನ ಮೌಲ್ಯಮಾಪಕರು ಸಾಮಾನ್ಯವಾಗಿ ನೆಲದ ಬೆಲೆಯನ್ನೂ ಕಟ್ಟಡದ ಬೆಲೆಯನ್ನೂ ಬೇರೆ ಬೇರೆ ಹಾಕುತ್ತಾರೆ. ಕಟ್ಟಡಕ್ಕೆ ಸುಮಾರು 60 ವರ್ಷ ಆಯುಷ್ಯ ಹಿಡಿದು, ಕೊನೆಗೆ ಶೇ. 10ರಷ್ಟು ಉಳಿಯುತ್ತದೆ ಎಂದುಕೊಂಡು, ವರ್ಷಕ್ಕೆ ಶೇ. 1.5ರಂತೆ ಸವಕಳಿ ಕಳೆಯುವುದು ಚಾಲ್ತಿಯಲ್ಲಿರುವ ಪದ್ಧತಿ.

ಇದನ್ನು ಒಂದು ಮನೆಗೆ ಹಾಕಿ ನೋಡೋಣ. 30/40 ಸೈಟು, 1,200 ಚದರಡಿ. ನಿಮ್ಮ ಬೀದಿಯಲ್ಲಿ ಚದರಡಿಗೆ 8,000 ರೂಪಾಯಿ ನಡೆಯುತ್ತಿದೆ ಎಂದಿಟ್ಟುಕೊಳ್ಳಿ. ನೆಲಕ್ಕೆ 96 ಲಕ್ಷ. ಮೇಲೆ ಹತ್ತು ಚದರದ, ಅಂದರೆ ಸಾವಿರ ಚದರಡಿಯ ಮನೆ. ಅದನ್ನೇ ಇವತ್ತು ಹೊಸದಾಗಿ ಕಟ್ಟಿಸಲು ಚದರಡಿಗೆ 2,200ರಂತೆ 22 ಲಕ್ಷ ಬೇಕು ಅನ್ನಿ. ಮನೆಗೆ 35 ವರ್ಷವಾಗಿದ್ದರೆ ಸವಕಳಿ ಶೇ. 52.5. ಕಟ್ಟಡಕ್ಕೆ ಉಳಿಯುವುದು ಸುಮಾರು ಹತ್ತೂವರೆ ಲಕ್ಷ. ನನ್ನ ಈ ದರಗಳನ್ನು ತೆಗೆದು ನಿಮ್ಮ ಬೀದಿಯ ದರ ಹಾಕಿಕೊಳ್ಳಿ, ಲೆಕ್ಕದ ಆಕಾರ ಬದಲಾಗುವುದಿಲ್ಲ.

ಇದರಿಂದ ಎರಡು ಸಂಗತಿ ಗೊತ್ತಾಗುತ್ತವೆ. 22 ಲಕ್ಷಕ್ಕೆ ಹೊಸದಾಗಿ ಕಟ್ಟಬಹುದಾದ ಮನೆಗೆ 25 ಲಕ್ಷದ ರಿನೋವೇಶನ್ ಮಾಡಿಸುವುದರಲ್ಲಿ ಅರ್ಥವಿಲ್ಲ. ಹೊಸದಾಗಿ ಕಟ್ಟುವ ಖರ್ಚಿನ ಅರ್ಧ ದಾಟಿದರೆ ನಾನು ನಿಂತು ಮತ್ತೊಮ್ಮೆ ಯೋಚಿಸುತ್ತೇನೆ. ಇದು ಯಾವ ಪುಸ್ತಕದ ನಿಯಮವೂ ಅಲ್ಲ, ನಾಲ್ಕು ಮನೆಗಳ ರಿಪೇರಿಯಲ್ಲಿ ಓಡಾಡಿದ ಮೇಲೆ ನಾನೇ ಹಾಕಿಕೊಂಡ ಗೆರೆ. ಎರಡನೆಯದು, ನಿಮ್ಮ ಬೀದಿಗೊಂದು ಮೇಲ್ಮಟ್ಟದ ಬೆಲೆ ಇರುತ್ತದೆ. ಅಕ್ಕಪಕ್ಕದಲ್ಲಿ ಒಂದು ಕೋಟಿ ಹತ್ತು ಲಕ್ಷಕ್ಕಿಂತ ಹೆಚ್ಚಿಗೆ ಯಾವ ಮನೆಯೂ ಹೋಗಿಲ್ಲವೆಂದರೆ, ಇಟಲಿಯ ಮಾರ್ಬಲ್ ಹಾಕಿಸಿದರೂ ನಿಮ್ಮ ಮನೆ ಒಂದೂವರೆ ಕೋಟಿಗೆ ಹೋಗುವುದಿಲ್ಲ. ಕಳೆದ ಒಂದೆರಡು ವರ್ಷದಲ್ಲಿ ಅದೇ ಬೀದಿಯಲ್ಲಿ ಮಾರಾಟವಾದ ಮನೆಗಳ ಬೆಲೆ ವಿಚಾರಿಸಿ. ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರ (ನೋಂದಣಿಗೆ ಸರ್ಕಾರ ಇಟ್ಟ ಕನಿಷ್ಠ ಬೆಲೆ) ಒಂದು ಆಧಾರ ಮಾತ್ರ. ಮಾರುಕಟ್ಟೆ ಬೆಲೆಗೂ ಅದಕ್ಕೂ ಎಲ್ಲ ಕಡೆ ಹೊಂದಾಣಿಕೆ ಇರುವುದಿಲ್ಲ.

ಕಾಗದ ಸರಿಯಿಲ್ಲದೆ ಸಿಮೆಂಟಿಗೆ ಕೈ ಹಾಕಬೇಡಿ

ಇದು ಬೇಸರದ ಕೆಲಸ. ಆದರೆ ಖರ್ಚು ಮಾಡಿದ ಪ್ರತಿ ರೂಪಾಯಿಗೆ ಅತಿ ಹೆಚ್ಚು ಬೆಲೆ ತರುವುದು ಇದೇ. ಸಾಲ ಪಡೆದು ಮನೆ ಕೊಳ್ಳುವವರು ಬಂದರೆ ಬ್ಯಾಂಕಿನ ವಕೀಲರು ಮೊದಲು ನೋಡುವುದು ಕಾಗದವನ್ನು. ಕಾಗದ ತೊಡಕಾಗಿದ್ದರೆ ನಗದು ಕೊಟ್ಟು ಕೊಳ್ಳುವವರಷ್ಟೇ ಉಳಿಯುತ್ತಾರೆ, ಅವರು ಚೌಕಾಶಿ ಮಾಡಿಯೇ ಮಾಡುತ್ತಾರೆ.

ಮನೆ ಈಗ ಯಾರ ಹೆಸರಲ್ಲಿದೆ ಎಂಬುದರಿಂದ ಶುರುಮಾಡಿ. ತಂದೆಯ ಸ್ವಯಾರ್ಜಿತ ಮನೆ, ಅವರು ವಿಲ್ ಬರೆಯದೆ ತೀರಿಕೊಂಡಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಅವರ ತಾಯಿ, ಎಲ್ಲರಿಗೂ ಸಮಪಾಲು. ಮದುವೆಯಾಗಿ ಹೋದ ಅಕ್ಕನ ಪಾಲು ಅಕ್ಕನದೇ. ವಿಭಾಗಪತ್ರ ಅಥವಾ ಹಕ್ಕುಬಿಡುಗಡೆ ಪತ್ರ ನೋಂದಣಿಯಾಗುವ ಮೊದಲು ಒಬ್ಬರೇ ಹತ್ತು ಲಕ್ಷ ಸುರಿದರೆ ಆ ಹತ್ತು ಲಕ್ಷ ಎಲ್ಲರ ಪಾಲಿಗೂ ಸೇರುತ್ತದೆ, ಮನಸ್ತಾಪವೂ ಜೊತೆಗೇ ಸೇರುತ್ತದೆ. ನಾವು ಶಿವಮೊಗ್ಗದಿಂದ ಅಕ್ಕನನ್ನು ಕರೆಸಿ, ಮೂವರೂ ಕೂತು, ಯಾರು ಎಷ್ಟು ಹಾಕುತ್ತೇವೆ, ಮುಂದೆ ಮಾರಿದರೆ ಹೇಗೆ ಹಂಚಿಕೊಳ್ಳುತ್ತೇವೆ ಎಂದು ಬರೆದು, ನೋಂದಣಿ ಮಾಡಿಸಿದ ಮೇಲೆಯೇ ಗಾರೆ ಕೆಲಸಕ್ಕೆ ಇಳಿದದ್ದು. ಅಮೆರಿಕ, ದುಬೈನಲ್ಲಿ ಕೂತು ಊರಿನ ಮನೆಗೆ ದುಡ್ಡು ಕಳಿಸುವವರಿಗೆ ಇದನ್ನು ಎರಡು ಸಲ ಹೇಳುತ್ತೇನೆ.

ಆಮೇಲೆ ಖಾತೆ, ಅಂದರೆ ಆಸ್ತಿ ತೆರಿಗೆಗೆ ಯಾರ ಹೆಸರಿದೆ ಎಂಬ ಪಾಲಿಕೆಯ ದಾಖಲೆ. 2024ರ ಅಕ್ಟೋಬರ್‌ನಿಂದ ಕರ್ನಾಟಕದ ನಗರ ಪ್ರದೇಶಗಳಲ್ಲಿ ಆಸ್ತಿ ನೋಂದಣಿಗೆ ಅದರ ಡಿಜಿಟಲ್ ರೂಪವಾದ ಇ-ಖಾತಾ ಬೇಕೇ ಬೇಕು. ಬೆಂಗಳೂರಿನಲ್ಲಿ ಎ ಖಾತೆಯೋ (ನಿಯಮಬದ್ಧ ಆಸ್ತಿ) ಬಿ ಖಾತೆಯೋ (ನಿಯಮಬದ್ಧವಲ್ಲದ್ದು) ಎಂಬುದೊಂದರಿಂದಲೇ ಬೆಲೆಯೂ ಸಾಲ ಸಿಗುವ ಸಾಧ್ಯತೆಯೂ ಬದಲಾಗುತ್ತವೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪ್ರಮಾಣಪತ್ರ (ಇಸಿ) ತೆಗೆಸಿ; ಅಪ್ಪ ಎಂದೋ ತೀರಿಸಿದ ಸಾಲದ ಅಡಮಾನ ಇನ್ನೂ ಅಲ್ಲೇ ಕೂತಿರುವುದುಂಟು. ಕಟ್ಟಡದ ಅನುಮೋದಿತ ನಕ್ಷೆ ಹುಡುಕಿ. ನಮ್ಮ ಮನೆಯಲ್ಲಿ ಮೇಲಿನ ಎರಡು ರೂಮುಗಳನ್ನು 1999ರಲ್ಲಿ ಹಾಕಿಸಿದ್ದೆವು, ತೆರಿಗೆ ಲೆಕ್ಕದಲ್ಲಿ ಮಾತ್ರ ಮನೆ ಇನ್ನೂ ಒಂದೇ ಅಂತಸ್ತಿನದಾಗಿತ್ತು. ಕಾಗದದಲ್ಲಿ ಇಲ್ಲದ ಅಂತಸ್ತಿಗೆ ಮೌಲ್ಯಮಾಪಕರು ಬೆಲೆ ಕಟ್ಟಲು ಹಿಂದೇಟು ಹಾಕುತ್ತಾರೆ. ಹಾಗಾಗಿ ಅದನ್ನು ಸರಿಪಡಿಸಿಕೊಂಡ ಮೇಲೆಯೇ ಮೇಲಿನ ಕೆಲಸಕ್ಕೆ ಕೈ ಹಾಕಿದೆವು.

ಬಣ್ಣ, ನೆಲ, ಗಿಲಾವು, ಬಾಗಿಲು ಬದಲಾವಣೆ ಇಂಥವಕ್ಕೆ ಸಾಮಾನ್ಯವಾಗಿ ಪಾಲಿಕೆಯ ಪರವಾನಗಿ ಬೇಡ. ಹೊಸ ಅಂತಸ್ತು, ವಿಸ್ತರಣೆ, ಭಾರ ಹೊರುವ ಗೋಡೆ ತೆಗೆಯುವುದು ಇವಕ್ಕೆ ಬೇಕು. ಸುತ್ತ ಬಿಟ್ಟ ಜಾಗದ ಮೇಲೆ ರೂಮು ಹಾಕಬೇಡಿ. ಮುಂದೊಂದು ದಿನ ಕೊಳ್ಳುವವರ ಎಂಜಿನಿಯರ್ ಟೇಪು ಹಿಡಿದು ಬಂದಾಗ ಅದು ಬೆಲೆ ಹೆಚ್ಚಿಸುವುದಿಲ್ಲ, ಇಳಿಸುತ್ತದೆ.

ಮಳೆ ಬಿದ್ದ ಮರುದಿನ ಮನೆ ನೋಡಿ

ಫೆಬ್ರವರಿಯಲ್ಲಿ ನೋಡಿದರೆ ಎಲ್ಲ ಮನೆಯೂ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಎರಡು ದಿನ ಸುರಿದ ಮೇಲೆ ಟಾರ್ಚು, ಸುತ್ತಿಗೆ, ಸೀಮೆಸುಣ್ಣ ಹಿಡಿದು ಒಂದೊಂದು ರೂಮಿಗೂ ಹೋಗಿ. ತಾರಸಿಯ ಒಳಮೈಯಲ್ಲಿ ಕಂದು ಕಲೆ, ಗೋಡೆಯ ಬುಡದಲ್ಲಿ ಬಿಳಿ ಉಪ್ಪು, ಸಜ್ಜಾದ ಅಡಿಯಲ್ಲಿ ಉದುರಿದ ಗಿಲಾವು ಕಂಡಲ್ಲೆಲ್ಲ ಸುತ್ತುಹಾಕಿ ತಾರೀಖು ಬರೆಯಿರಿ. ಸೀಲಿಂಗಿಗೆ ಸುತ್ತಿಗೆಯಿಂದ ಮೆತ್ತಗೆ ತಟ್ಟಿ. ಟಣ್ ಎಂದರೆ ಸರಿ, ಟೊಳ್ಳು ಸದ್ದು ಬಂದರೆ ಒಳಗೆ ಕಾಂಕ್ರೀಟು ಬಿಟ್ಟುಕೊಂಡಿದೆ.

ಬಿರುಕುಗಳಲ್ಲಿ ಕೂದಲೆಳೆಯಂಥವು ಗಿಲಾವಿನವು, ಅವಕ್ಕೆ ಹೆದರಬೇಕಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ, ಗೋಡೆಯ ಎರಡೂ ಕಡೆ ಕಾಣುವ, ಪೆನ್ಸಿಲ್ ಗುರುತು ಹಾಕಿಟ್ಟು ತಿಂಗಳು ಬಿಟ್ಟು ನೋಡಿದಾಗ ಅಗಲವಾಗಿರುವ ಬಿರುಕು ಪಾಯದ ಮಾತು ಹೇಳುತ್ತಿರುತ್ತದೆ. ಅಲ್ಲಿ ಮೇಸ್ತ್ರಿಯ ಅಭಿಪ್ರಾಯ ಸಾಲದು, ಸ್ಟ್ರಕ್ಚರಲ್ ಎಂಜಿನಿಯರ್ ಬೇಕು. ಅವರ ಫೀಸು ಇಡೀ ಖರ್ಚಿನಲ್ಲಿ ಸಣ್ಣ ಮೊತ್ತ. ಮನೆ ಪಿಲ್ಲರ್ ಮೇಲೆ ನಿಂತಿದೆಯೋ ಒಂಬತ್ತಿಂಚಿನ ಗೋಡೆಯ ಮೇಲೆ ನಿಂತಿದೆಯೋ ಎಂಬುದನ್ನೂ ಅವರಿಂದಲೇ ಬರೆಸಿಕೊಳ್ಳಿ. ಎಂಬತ್ತರ ದಶಕದ ಬಹಳಷ್ಟು ಮನೆಗಳು ಗೋಡೆಯ ಮೇಲೇ ನಿಂತಿವೆ. ಹಾಲ್ ದೊಡ್ಡದಾಗಲಿ ಎಂದು ಅಂಥ ಗೋಡೆ ಒಡೆಸಿದರೆ ಮೇಲಿನ ತಾರಸಿಗೆ ಆಧಾರವೇ ಇರುವುದಿಲ್ಲ.

ಕಂಬಿ ತುಕ್ಕು ಹಿಡಿದು ಉಬ್ಬಿ, ಅರ್ಧಕ್ಕರ್ಧ ತಾರಸಿಯ ಒಳಮೈ ಉದುರಿದ್ದರೆ ಕಷ್ಟದ ಮಾತು ಹೇಳಬೇಕಾಗುತ್ತದೆ: ಆ ಮನೆಗೆ ರಿನೋವೇಶನ್ ಖರ್ಚು ಬೇಡ. ವಾಸಕ್ಕೆ ಅಪಾಯವಾಗದಷ್ಟು ಸರಿಮಾಡಿಕೊಂಡು, ದುಡ್ಡು ಕೂಡಿಸಿ ಹೊಸದಾಗಿ ಕಟ್ಟಿ, ಇಲ್ಲವೇ ಸೈಟ್ ರೇಟಿಗೇ ಮಾರಿ.

ತಾರಸಿ

ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇಲ್ಲಿಯೇ ನಾವು ಪೆಟ್ಟು ತಿಂದದ್ದು. ಮೊದಲ ಸಲ ಮನೆ ಚೆಂದ ಮಾಡಿಸಲು ಹೊರಟಾಗ ಹಾಲ್‌ಗೆ ಪಿಒಪಿ ಸೀಲಿಂಗ್ ಹಾಕಿಸಿ, ಒಳಗೆಲ್ಲ ಪುಟ್ಟಿ ಎಳೆಸಿ, ದುಬಾರಿ ಬಣ್ಣ ಹೊಡೆಸಿದ್ದೆವು. ಮೇಲೆ "ಒಂದು ಕೋಟ್ ಕೆಮಿಕಲ್ ಸಾಕು" ಎಂದ ಕಾಂಟ್ರಾಕ್ಟರನ್ನು ನಂಬಿದೆವು. ಅಕ್ಟೋಬರ್ ಮಳೆಗೆ ಸೀಲಿಂಗಿನ ಒಂದು ಹಾಳೆ ನೆನೆದು ಅಮ್ಮನ ಮಂಚದ ಪಕ್ಕಕ್ಕೆ ಬಿತ್ತು. ಅಂದಿನಿಂದ ಮೇಲಿಂದ ಕೆಳಕ್ಕೆ, ಹೊರಗಿಂದ ಒಳಕ್ಕೆ ಎಂಬ ಕ್ರಮವನ್ನು ನಾನು ಮುರಿದಿಲ್ಲ.

ಹಳೆ ತಾರಸಿ ಸೋರಿದರೆ ಅದರ ಮೇಲೆ ಇನ್ನೊಂದು ಪದರ ಗಾರೆ ಎಳೆಸುವುದು ನಮ್ಮಲ್ಲಿ ರೂಢಿ. ಅದಾದ ಐದು ವರ್ಷಕ್ಕೆ ಮತ್ತೊಂದು ಪದರ. ಸಾವಿರ ಚದರಡಿಗೆ ಒಂದಿಂಚು ಗಾರೆ ಎಂದರೆ ಸುಮಾರು ಐದು ಟನ್ ಭಾರ. ನಾಲ್ಕೈದು ಇಂಚು ದಪ್ಪದ ಹಳೆ ಮೋಲ್ಡು (ಕಾಂಕ್ರೀಟ್ ಚಾವಣಿ) ಅದನ್ನೆಲ್ಲ ಹೊತ್ತು ಕೂತಿರುತ್ತದೆ. ಹಳೆಯದನ್ನು ಮೋಲ್ಡಿನವರೆಗೂ ಕಿತ್ತು ತೆಗೆಸಿ, ಬಿರುಕಿಗೆ ಗ್ರೌಟ್ ತುಂಬಿಸಿ, ಆಮೇಲೆ ಮತ್ತೆ ಶುರುಮಾಡುವುದೇ ಸರಿ.

ಗಾರೆಯವರು 'ವಾಟ' ಎನ್ನುವ ಇಳಿಜಾರಿನ ಮೇಲೆ ಎಲ್ಲವೂ ನಿಂತಿದೆ. ನೂರಕ್ಕೆ ಒಂದು, ಅಂದರೆ ಹತ್ತಡಿಗೆ ಒಂದೂಕಾಲು ಇಂಚು, ಕನಿಷ್ಠ ಇರಬೇಕು. ನೀರು ಹೊರಹೋಗಲು ನಾಲ್ಕಿಂಚಿನ ಪೈಪು ಎರಡಾದರೂ ಇರಲಿ. ಒಂದಕ್ಕೆ ಹೊಂಗೆ ಎಲೆ ಕಟ್ಟಿಕೊಂಡರೆ ಇನ್ನೊಂದು ಕೆಲಸ ಮಾಡುತ್ತದೆ. ತಾರಸಿಗೂ ಪ್ಯಾರಾಪೆಟ್‌ಗೂ ಕೂಡುವ ಮೂಲೆಯನ್ನು ದುಂಡಗೆ ಕಟ್ಟಿಸಿ, ವಾಟರ್‌ಪ್ರೂಫಿಂಗ್ ಪದರವನ್ನು ಗೋಡೆಯ ಮೇಲೆ ಒಂದಡಿ ಏರಿಸಿ. ನಾನು ನೋಡಿದ ಸೋರಿಕೆಗಳಲ್ಲಿ ಹೆಚ್ಚಿನವು ನಡುಮಧ್ಯದಲ್ಲಲ್ಲ, ಈ ಮೂಲೆಯಲ್ಲಿ ಮತ್ತು ಪೈಪು ತೂರಿದ ತೂತಿನಲ್ಲಿ ಶುರುವಾದವು. ಕೆಲಸ ಮುಗಿದ ಮೇಲೆ ಪೈಪಿನ ಬಾಯಿ ಕಟ್ಟಿ, ಎರಡಿಂಚು ನೀರು ನಿಲ್ಲಿಸಿ, 48 ಗಂಟೆ ಬಿಟ್ಟು ಕೆಳಗೆ ನೋಡಿ. ಆ ಪರೀಕ್ಷೆ ಮುಗಿಯುವವರೆಗೆ ತಾರಸಿಯ ಕೊನೆ ಕಂತು ಕೊಡಬೇಡಿ. ಸಿಂಟೆಕ್ಸ್ ಟ್ಯಾಂಕು ಮೋಲ್ಡಿನ ಮೇಲೆ ನೇರವಾಗಿ ಕೂತಿದ್ದರೆ ಗೋಡೆಯ ನೇರಕ್ಕೆ ಬರುವಂತೆ ಕಟ್ಟೆ ಕಟ್ಟಿಸಿ ಅದರ ಮೇಲೆ ಕೂರಿಸಿ. ಸಾವಿರ ಲೀಟರ್ ತುಂಬಿದರೆ ಅದೇ ಒಂದು ಟನ್.

ಮಲೆನಾಡು, ಕರಾವಳಿಯ ಹೆಂಚಿನ ಮನೆಯಾದರೆ ಕಥೆ ಬೇರೆ. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆಯಿಂದ ಹೊರಟ ಆ ಹೆಂಚು, ಒಡೆಯದಿದ್ದರೆ ಮೂರು ತಲೆಮಾರು ಬರುತ್ತದೆ. ಅಲ್ಲಿ ನೋಡಬೇಕಾದದ್ದು ಮರವನ್ನು: ಪಕಾಸು, ರೀಪು, ಗೆದ್ದಲು. ಹೆಂಚಿಳಿಸಿ ಶೀಟು ಹಾಕಿಸಬೇಡಿ. ಮನೆ ಕಾದ ಕಾವಲಿಯಂತಾಗುತ್ತದೆ, ಹೋಮ್‌ಸ್ಟೇ ಕೇಳಿಕೊಂಡು ಬರುವವರೂ ತಿರುಗಿ ನೋಡುವುದಿಲ್ಲ.

ಬಚ್ಚಲು, ಪೈಪು, ವೈರು

ಹಳೆ ಮನೆಗಳಲ್ಲಿ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು ಇರುತ್ತದೆ. ಹೊರಗಿನಿಂದ ನೋಡಿದರೆ ಸರಿಯಾಗಿಯೇ ಇರುತ್ತದೆ, ಒಳಗೆ ತುಕ್ಕು ಕಟ್ಟಿ ಅರ್ಧ ಇಂಚಿನ ಪೈಪಿನಲ್ಲಿ ಪೆನ್ಸಿಲ್ ತೂರುವಷ್ಟು ಜಾಗ ಉಳಿದಿರುತ್ತದೆ. ಮೇಲಿನ ಟೈಲ್ಸ್ ಬದಲಿಸಿ ಒಳಗಿನ ಪೈಪು ಉಳಿಸಿಕೊಳ್ಳುವುದಕ್ಕಿಂತ ದೊಡ್ಡ ತಪ್ಪಿಲ್ಲ. ಬಚ್ಚಲಿಗೆ ಕೈ ಹಾಕಿದರೆ ನೆಲ ಗೋಡೆ ಎರಡನ್ನೂ ಇಟ್ಟಿಗೆಯವರೆಗೆ ಕಿತ್ತು, ತಣ್ಣೀರು ಬಿಸಿನೀರು ಎರಡಕ್ಕೂ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹಾಕಿಸಿ. ಮುಚ್ಚುವ ಮೊದಲು ಒತ್ತಡ ಕೊಟ್ಟು ಒಂದು ರಾತ್ರಿ ಬಿಡಲು ಪ್ಲಂಬರಿಗೆ ಹೇಳಿ. ವಾಟರ್‌ಪ್ರೂಫಿಂಗ್ ನೆಲಕ್ಕಷ್ಟೇ ಅಲ್ಲ, ಸ್ನಾನ ಮಾಡುವ ಕಡೆಯ ಗೋಡೆಗೆ ಆಳೆತ್ತರಕ್ಕೆ ಬೇಕು. ಇಲ್ಲೂ 24 ಗಂಟೆ ನೀರು ನಿಲ್ಲಿಸುವ ಪರೀಕ್ಷೆ ಮಾಡಿಸಿ. ನಹಾನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ಬಾಯಿ) ಕಡೆಗೆ ವಾಟ ಸರಿಯಿದೆಯೋ ಎಂದು ಟೈಲ್ಸ್ ಅಂಟಿಸುವ ಮೊದಲೇ ಒಂದು ಚೊಂಬು ನೀರು ಚೆಲ್ಲಿ ನೋಡಿ.

ವಯಸ್ಸಾದವರು ಇರುವ ಮನೆಗೆ ಕೆಳಗಿನ ಅಂತಸ್ತಿನಲ್ಲಿ ಜಾರದ ಟೈಲ್ಸು, ಹಿಡಿಕೆ, ಕಮೋಡು ಇರುವ ಒಂದು ಬಚ್ಚಲು ಬಹಳ ಬೆಲೆ ತರುತ್ತದೆ. ಅಪ್ಪ ಅಮ್ಮನನ್ನು ಜೊತೆಗೆ ಇಟ್ಟುಕೊಳ್ಳುವವರು ಮನೆ ನೋಡಲು ಬಂದಾಗ ಕೇಳುವುದೇ "ಕೆಳಗೆ ರೂಮಿಗೇ ಅಟ್ಯಾಚ್ ಇದೆಯಾ?" ಎಂದು.

ವೈರಿಂಗ್ ಹಳೆಯದಾದರೆ ಪೂರ್ತಿ ಬದಲಿಸಿ. ದೀಪ, ಫ್ಯಾನಿಗೆ 1.5 ಚದರ ಮಿಲಿಮೀಟರ್, ಸಾಮಾನ್ಯ ಪ್ಲಗ್ಗಿಗೆ 2.5, ಗೀಸರು ಎಸಿಗೆ 4 ಎಂಬುದು ಎಲೆಕ್ಟ್ರಿಷಿಯನ್‌ಗಳ ನಡುವೆ ಚಾಲ್ತಿಯಲ್ಲಿರುವ ಅಳತೆ. ಪ್ರತಿ ಭಾಗಕ್ಕೂ ಬೇರೆ ಎಂಸಿಬಿ (ಲೋಡು ಹೆಚ್ಚಾದರೆ ಕರೆಂಟು ಕಡಿಯುವ ಸ್ವಿಚ್ಚು), ಇಡೀ ಮನೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್ಚು), ಹೊಸದಾಗಿ ಅರ್ಥಿಂಗ್. ಸಾಧ್ಯವಿದ್ದರೆ ಮೂರು ಫೇಸ್ ಮಾಡಿಸಿ, ಗೇಟಿನ ಹತ್ತಿರ ಎಲೆಕ್ಟ್ರಿಕ್ ಗಾಡಿ ಚಾರ್ಜ್ ಮಾಡಲು ಒಂದು ಪಾಯಿಂಟ್ ಬಿಡಿಸಿ. ಗೋಡೆ ಒಡೆದಿರುವಾಗ ಅದಕ್ಕೆ ಖರ್ಚು ಕಡಿಮೆ, ಆಮೇಲೆ ಒಡೆಸಬೇಕೆಂದರೆ ತಲೆನೋವು.

ನೀರಿನ ವಿಷಯ

2024ರ ಮಾರ್ಚಿನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗೆ ಜನ ಪರದಾಡಿದ ಮೇಲೆ, ಮನೆ ಕೊಳ್ಳುವವರು ನೀರಿನ ಮೂಲ ವಿಚಾರಿಸದೆ ಮುಂದಿನ ಮಾತಾಡುವುದಿಲ್ಲ. ಕಾವೇರಿ ನೀರು ಬರುತ್ತಾ, ವಾರಕ್ಕೆ ಎಷ್ಟು ದಿನ, ಸಂಪು ಎಷ್ಟು ಲೀಟರ್? ಹಳೆ ಮನೆಗಳ ಸಂಪು ಚಿಕ್ಕದು, ಬಿರುಕು ಬಿಟ್ಟದ್ದು. ಅದನ್ನು ದೊಡ್ಡದು ಮಾಡಿಸುವುದು ಯಾರ ಕಣ್ಣಿಗೂ ಕಾಣದ ಕೆಲಸ, ಆದರೆ ಖರ್ಚಿಗಿಂತ ಹೆಚ್ಚು ಬೆಲೆ ತರುವಂಥದು.

ತಾರಸಿ ಸರಿಮಾಡಿಸುವಾಗಲೇ ಮಳೆನೀರು ಕೊಯ್ಲಿಗೂ ಪೈಪು ಕೂಡಿಸಿಬಿಡಿ. ಸಾವಿರ ಚದರಡಿ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 93 ಲೀಟರ್. ವರ್ಷಕ್ಕೆ 800 ಮಿಲಿಮೀಟರ್ ಮಳೆಯಾಗುವ ಕಡೆ, ಐದರಲ್ಲಿ ಒಂದು ಪಾಲು ಪೋಲಾಯಿತು ಎಂದುಕೊಂಡರೂ, ಸುಮಾರು 59,000 ಲೀಟರ್ ಸಿಗುತ್ತದೆ. ಬೆಂಗಳೂರಿನಲ್ಲಿ 30/40 ಹಾಗೂ ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗಳಿಗೆ, 40/60 ಹಾಗೂ ಮೇಲ್ಪಟ್ಟ ಹಳೆ ಮನೆಗಳಿಗೆ ಜಲಮಂಡಳಿ ಇದನ್ನು ಕಡ್ಡಾಯ ಮಾಡಿದೆ. ಜಯನಗರದ ಐದನೇ ಬ್ಲಾಕಿನಲ್ಲಿ ಮಂಡಳಿಯದೇ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಕೇಂದ್ರವಿದೆ. ಬೇರೆ ಬೇರೆ ಮಾದರಿಗಳನ್ನು ಕಣ್ಣಾರೆ ನೋಡಿ ಬರಬಹುದು.

ಸೋಲಾರ್ ಫಲಕಗಳ ಸರದಿಯೂ ತಾರಸಿ ಮುಗಿದ ಮೇಲೆಯೇ. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2 ಕಿಲೋವ್ಯಾಟಿಗೆ 60,000, 3 ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಸ್ಟ್ಯಾಂಡ್ ಕೂರಿಸಲು ಹೊಸ ವಾಟರ್‌ಪ್ರೂಫಿಂಗ್ ಮೇಲೆ ತೂತು ಕೊರೆಯಲು ಬಿಡಬೇಡಿ, ಕಾಂಕ್ರೀಟ್ ಕಟ್ಟೆಯ ಮೇಲೆ ಕೂರಿಸಲು ಹೇಳಿ.

ಉಳಿಸಿಕೊಳ್ಳಬೇಕಾದ್ದು, ಬದಲಿಸಬೇಕಾದ್ದು

ಅಡುಗೆಮನೆಗೆ ಮಿತಿ ಹಾಕಿಕೊಳ್ಳಿ. ಗ್ರಾನೈಟ್ ಕಟ್ಟೆ, ಹೊಗೆ ಎಳೆಯುವ ಫ್ಯಾನು, ಪಾತ್ರೆ ತೊಳೆಯಲು ಹೊರಗೊಂದು ಯುಟಿಲಿಟಿ, ಸಾಕಷ್ಟು ಪ್ಲಗ್ಗು ಇಷ್ಟಿದ್ದರೆ ಆಯಿತು. ಕಪಾಟಿಗೆ ನೀರು ತಡೆಯುವ, ಐಎಸ್ 710 ಗುರುತಿನ ಪ್ಲೈವುಡ್ ಕೇಳಿ. ಸಿಂಕಿನ ಅಡಿಯಲ್ಲಿ ಅಗ್ಗದ ಹಲಗೆ ಎರಡು ಮಳೆಗಾಲ ಬಾಳುವುದಿಲ್ಲ. ಐದಾರು ಲಕ್ಷದ ಮಾಡ್ಯುಲರ್ ಕಿಚನ್ ನಿಮಗೆ ಇಷ್ಟವಾದರೆ ನಿಮಗಾಗಿ ಮಾಡಿಸಿಕೊಳ್ಳಿ. ಆ ದುಡ್ಡು ಬೆಲೆಯಲ್ಲಿ ವಾಪಸ್ ಬರುತ್ತದೆ ಎಂದು ಎಣಿಸಬೇಡಿ. ಕೊಳ್ಳುವ ಹೆಂಗಸರಿಗೆ ಅವರದೇ ಅಳತೆ, ಅವರದೇ ಬಣ್ಣ ಇರುತ್ತದೆ.

ನೆಲದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಹಳೆ ಮೊಸಾಯಿಕ್ ಇದ್ದರೆ ಯಂತ್ರದಿಂದ ಪಾಲಿಶ್ ಹೊಡೆಸಿ. ಕಾಲು ತಾಗಿ ತಾಗಿ ಸವೆದು ಕನ್ನಡಿಯಂತಾದ ರೆಡ್ ಆಕ್ಸೈಡ್ ನೆಲ ಇದ್ದರೆ ಅದರ ಮೇಲೆ ವಿಟ್ರಿಫೈಡ್ ಟೈಲ್ಸ್ ಅಂಟಿಸಬೇಡಿ. ಅದನ್ನು ಈಗ ಹಾಕುವ ಕೈಗಳೇ ಅಪರೂಪ. ತೇಗ, ಮತ್ತಿ, ಹೊನ್ನೆಯ ಬಾಗಿಲುಗಳನ್ನು ಬಣ್ಣ ಕೆರೆಸಿ ಪಾಲಿಶ್ ಮಾಡಿಸಿ. ಅಷ್ಟು ಮರವನ್ನು ಇವತ್ತು ಹೊಸದಾಗಿ ಕೊಳ್ಳಲು ಹೊರಟರೆ ಎದೆ ಧಸಕ್ಕೆನ್ನುತ್ತದೆ. ಉಳಿದ ಕೆಲಸ ಗಟ್ಟಿಯಾಗಿದ್ದರೆ ಇಂಥ ನೆಲ, ಇಂಥ ಬಾಗಿಲನ್ನೇ ಹುಡುಕಿಕೊಂಡು ಬರುವ ಬಾಡಿಗೆದಾರರಿದ್ದಾರೆ.

ಬದಲಿಸಬೇಕಾದ್ದು ಬೆಳಕು. ಹಳೆ ಮನೆಯ ನಡುವಿನ ರೂಮು ಹಗಲಲ್ಲೂ ದೀಪ ಕೇಳುತ್ತದೆ. ನಾವು ಊಟದ ಜಾಗದ ಮೇಲೆ ಮೂರಡಿ ಚೌಕದ ಗಾಜಿನ ಕಿಂಡಿ ಬಿಡಿಸಿದೆವು. ಕಂಬಿ ಕತ್ತರಿಸುವ ಜಾಗವನ್ನು ಎಂಜಿನಿಯರೇ ಗುರುತು ಹಾಕಿಕೊಟ್ಟರು. ಮಳೆ ನುಗ್ಗದಂತೆ ಸುತ್ತ ಕಟ್ಟೆ ಎತ್ತರಿಸಿದೆವು. ಆ ಒಂದು ಕಿಂಡಿ ಮನೆಯನ್ನು ಬದಲಿಸಿದಷ್ಟು ಇನ್ನಾವುದೂ ಬದಲಿಸಲಿಲ್ಲ.

ಮೇಲಿನ ಅಂತಸ್ತಿಗೆ ದಾರಿ ಮನೆಯೊಳಗಿಂದಲೇ ಇದ್ದರೆ, ಹೊರಗಿನಿಂದ ಮೆಟ್ಟಿಲು ಹಾಕಿಸಲು ಜಾಗವಿದೆಯೇ ನೋಡಿ. ಬೇರೆ ಬಾಗಿಲು, ಬೇರೆ ಮೀಟರ್ ಸಿಕ್ಕರೆ ಮೇಲಿನದು ಬಾಡಿಗೆಗೆ ಹೋಗುತ್ತದೆ. ತಿಂಗಳಿಗೆ ಇಂತಿಷ್ಟು ಬರುವ ಮನೆಯನ್ನು ಯಾರೂ ಸೈಟ್ ರೇಟಿಗೆ ಕೇಳುವುದಿಲ್ಲ. ಇನ್ನೊಂದು ಅಂತಸ್ತು ಏರಿಸುವ ಆಸೆ ಇದ್ದರೆ ಪಾಯದ ಪಕ್ಕ ಗುಂಡಿ ತೋಡಿಸಿ, ಕಾಂಕ್ರೀಟಿನ ಬಲ ಪರೀಕ್ಷಿಸಿ ಎಂಜಿನಿಯರ್ ಲಿಖಿತವಾಗಿ ಒಪ್ಪುವವರೆಗೆ ಕಾಯಿರಿ.

ಕಾರು ನಿಲ್ಲಿಸಲು ಜಾಗ ಮಾಡಬಹುದಾದರೆ ಮಾಡಿ, ಮುಂದಿನ ಹೂದೋಟ ಸ್ವಲ್ಪ ಹೋದರೂ ಪರವಾಗಿಲ್ಲ. ವಾಸ್ತು ವಿಷಯ: ನಿಮಗೆ ನಂಬಿಕೆ ಇರಲಿ ಬಿಡಲಿ, ಕೊಳ್ಳುವವರಲ್ಲಿ ಹೆಚ್ಚಿನವರು ಬಾಗಿಲ ದಿಕ್ಕು ಕೇಳುತ್ತಾರೆ. ಸುಲಭವಾಗಿ ಬಾಗಿಲು ತಿರುಗಿಸಬಹುದಾದರೆ ಒಳ್ಳೆಯದು. ಅದಕ್ಕಾಗಿ ಭಾರ ಹೊರುವ ಗೋಡೆ ಒಡೆಯುವುದು ಬೇಡವೇ ಬೇಡ.

ಯಾವಾಗ, ಯಾರಿಂದ, ಹೇಗೆ ದುಡ್ಡು

ದೀಪಾವಳಿ ಕಳೆದು ಮಳೆ ನಿಂತ ಮೇಲೆ ಶುರುಮಾಡಿ ಏಪ್ರಿಲ್ ಒಳಗೆ ತಾರಸಿ, ಹೊರಗಿನ ಗಿಲಾವು ಮುಗಿಯುವಂತೆ ಹಾಕಿಕೊಳ್ಳಿ. ಮೈಸೂರಿನಲ್ಲಿ ಮೇ ತಿಂಗಳ ಸಂಜೆ ಮಳೆ ಜೋರು. ಯುಗಾದಿಗೆ ಊರಿಗೆ ಹೋದ ತಂಡ ವಾರವೆರಡು ವಾರ ತಿರುಗಿ ಬರುವುದಿಲ್ಲ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹೊಸ ಗಿಲಾವಿಗೆ ಕನಿಷ್ಠ ಏಳು ದಿನ ನೀರು ಹೊಡೆಸಿ, ಬಣ್ಣಕ್ಕೆ ತಿಂಗಳು ಕಾಯಿರಿ. ಹಬ್ಬದ ಅವಸರಕ್ಕೆ ಹಸಿ ಗೋಡೆಯ ಮೇಲೆ ಹೊಡೆದ ಬಣ್ಣ ಪೊರೆಯಂತೆ ಎದ್ದುಬರುತ್ತದೆ.

ಕ್ರಮ ಹೀಗಿರಲಿ: ಒಡೆಯುವುದು, ತಾರಸಿ, ಪೈಪು, ವೈರಿನ ಪೈಪು, ಗಿಲಾವು, ಬಚ್ಚಲಿನ ಟೈಲ್ಸು, ನೆಲ, ಮರಗೆಲಸ, ಕೊನೆಗೆ ಬಣ್ಣ. ಮರಗೆಲಸದವರು ಬೇಗ ಸಿಕ್ಕರೆಂದು ಮೊದಲು ಕರೆಸಿಕೊಂಡರೆ ಅವರ ಕೆಲಸದ ಮೇಲೆ ಗಾರೆ ಬೀಳುತ್ತದೆ.

ಕಾಂಟ್ರಾಕ್ಟನ್ನು "ಇಡೀ ಮನೆ ಇಷ್ಟು ಲಕ್ಷ" ಎಂದು ಒಪ್ಪಬೇಡಿ. ಯಾವ ಕೆಲಸ, ಎಷ್ಟು ಚದರಡಿ, ಯಾವ ಕಂಪನಿಯ ಯಾವ ದರ್ಜೆಯ ಸಾಮಾನು, ಕಿತ್ತ ಡೆಬ್ರಿಸ್ ಸಾಗಿಸುವುದು ಯಾರ ಹೊಣೆ, ಒಂದೊಂದಕ್ಕೂ ಸಾಲು ಬರೆಸಿ. ಮೂವರಿಂದ ದರ ತರಿಸಿ. ಅತಿ ಕಡಿಮೆ ಹೇಳಿದವರು ಏನನ್ನು ಬಿಟ್ಟಿದ್ದಾರೆ ಎಂದು ಹುಡುಕಿ. ಲೇಬರ್ ಕಾಂಟ್ರಾಕ್ಟ್ ಆದರೆ ಶನಿವಾರದ ಬಟವಾಡೆ ತಪ್ಪಿಸಬೇಡಿ, ಆದರೆ ಮುಗಿದ ಕೆಲಸಕ್ಕಿಂತ ಹೆಚ್ಚು ದುಡ್ಡು ಮುಂದೆ ಹೋಗಲೂ ಬಿಡಬೇಡಿ. ಮುಂಗಡ ಹತ್ತನೇ ಒಂದು ಪಾಲು ಸಾಕು. ಕೊನೆಯ ಶೇ. 5ರಿಂದ 10ರಷ್ಟನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದೆಂದು ಮೊದಲೇ ಮಾತಾಡಿ ಬರೆದುಕೊಳ್ಳಿ. ಒಳ್ಳೆ ಕೆಲಸಗಾರರು ಇದಕ್ಕೆ ಒಪ್ಪುತ್ತಾರೆ. ಬಜೆಟ್ಟಿನ ಮೇಲೆ ಶೇ. 15ರಿಂದ 20ರಷ್ಟನ್ನು ಬೇರೆ ಇಟ್ಟುಕೊಳ್ಳಿ, ಹಳೆ ಗೋಡೆ ಒಡೆದಾಗ ಏನಾದರೂ ಸಿಕ್ಕೇ ಸಿಗುತ್ತದೆ. ನಮಗೆ ಅಡುಗೆಮನೆಯ ಅಡಿಯಲ್ಲಿ ಮುಚ್ಚಿಹೋಗಿದ್ದ ಡ್ರೈನೇಜ್ ಚೇಂಬರ್ ಸಿಕ್ಕಿತು.

ಕೊನೆಗೊಂದು ಫೈಲು

ಬಿಲ್ಲುಗಳನ್ನೆಲ್ಲ ಒಂದೆಡೆ ಇಡಿ, ದುಡ್ಡನ್ನು ಆದಷ್ಟೂ ಬ್ಯಾಂಕಿನ ಮೂಲಕವೇ ಕೊಡಿ. ಮುಂದೆ ಮನೆ ಮಾರಿದಾಗ, ಮನೆಗೆ ಹೊಸದಾಗಿ ಸೇರಿಸಿದ ಕೆಲಸಗಳ ಖರ್ಚನ್ನು ಬಂಡವಾಳ ಲಾಭದಿಂದ ಕಳೆಯಬಹುದು. ಬಣ್ಣ, ಸಣ್ಣ ರಿಪೇರಿ ಸಾಮಾನ್ಯವಾಗಿ ಆ ಲೆಕ್ಕಕ್ಕೆ ಬರುವುದಿಲ್ಲ. 2024ರ ಜುಲೈ 23ಕ್ಕಿಂತ ಮೊದಲು ಪಡೆದ ಮನೆಯಾದರೆ, ಭಾರತದ ನಿವಾಸಿಗಳು ಇಂಡೆಕ್ಸೇಶನ್ (ಕೊಂಡ ಬೆಲೆಯನ್ನು ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸಿ ಲೆಕ್ಕ ಹಾಕುವುದು) ಇಲ್ಲದೆ ಶೇ. 12.5 ಅಥವಾ ಇಂಡೆಕ್ಸೇಶನ್ ಸಹಿತ ಶೇ. 20, ಇವೆರಡರಲ್ಲಿ ಕಡಿಮೆ ಬರುವ ತೆರಿಗೆ ಕಟ್ಟಬಹುದು. ಅನಿವಾಸಿಗಳಿಗೆ ಈ ಆಯ್ಕೆ ಇಲ್ಲ. ಸ್ವಂತ ವಾಸದ ಮನೆಯ ರಿಪೇರಿಗೆಂದು ತೆಗೆದ ಸಾಲದ ಬಡ್ಡಿಗೆ ಹಳೆ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 30,000 ರೂಪಾಯಿವರೆಗೆ ಕಡಿತ ಸಿಗುತ್ತದೆ.

ಅದೇ ಫೈಲಿನಲ್ಲಿ ಎಂಜಿನಿಯರ್ ವರದಿ, ತಾರಸಿಯ ವಾರಂಟಿ, ಇ-ಖಾತಾ, ತೆರಿಗೆ ರಸೀದಿ ಇರಲಿ. ಗಿಲಾವು ಮುಚ್ಚುವ ಮೊದಲು ಪ್ರತಿ ಗೋಡೆಯ ಫೋಟೊ ತೆಗೆಯಿರಿ. ಪೈಪು, ವೈರು ಎಲ್ಲಿ ಹೋಗಿದೆ ಎಂದು ಗೊತ್ತಾಗಲು ಪಕ್ಕದಲ್ಲಿ ಅಳತೆ ಟೇಪು ಹಿಡಿಯಿರಿ. ನಮ್ಮ ಮನೆಯ ಫೋಟೊಗಳನ್ನು ಪ್ರಿಂಟ್ ಹಾಕಿಸಿ ಮೀಟರ್ ಬೋರ್ಡಿನ ಬಾಗಿಲ ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದೇವೆ. ಮೇಲಿನ ಬಾಡಿಗೆಯವರು ದೇವರ ಫೋಟೊಗೆ ಮೊಳೆ ಹೊಡೆಯುವ ಮೊದಲು ಕೆಳಗಿಳಿದು ಬಂದು ಅದನ್ನೊಮ್ಮೆ ನೋಡಿ ಹೋಗುತ್ತಾರೆ.